ಒರೆಸದೆ ಬಿಟ್ಟ ದೆವ್ವ

ಗೋಪಿನಾಥರಾಯರ ಮನೆಗೆ ಸಂಜೆ ಹೋದವರು ಲೈಟಿನ ಸ್ವಿಚ್ಚು ಮುಟ್ಟುವ ಹಾಗಿರಲಿಲ್ಲ. ಸೂರ್ಯ ಮುಳುಗಿ, ಬೀದಿದೀಪ ಇನ್ನೂ ಹೊತ್ತಿಕೊಳ್ಳದ ಆ ಸ್ವಲ್ಪ ಹೊತ್ತು ಅವರ ನಡುಮನೆ ಕತ್ತಲಾಗಿಯೇ ಇರಬೇಕು. ಬಂದವರು ಬೆತ್ತದ ಕುರ್ಚಿಯಲ್ಲಿ ಕೂತು, ಕೈಗೆ ಕೊಟ್ಟ ಕಾಫಿಯನ್ನು ತಡಕಾಡಿಕೊಂಡೇ ಕುಡಿಯಬೇಕು. ರಾಯರು ಎದ್ದು ಹೋಗಿ, ಗೋಡೆಯ ಮೇಲೆ ಬಿಸಿಲಿಗೆ ಮಾಸದಂತೆ ಟವೆಲ್ಲು ಹೊದ್ದು ತೂಗುತ್ತಿದ್ದ ಚಿತ್ರಗಳ ಮುಸುಕನ್ನು ಒಂದೊಂದಾಗಿ ತೆಗೆಯುತ್ತಿದ್ದರು. "ಸುಮ್ನೆ ನೋಡ್ತಾ ಇರಿ. ಮಾತಾಡ್ಬೇಡಿ. ತಾವಾಗೇ ಬರ್ತಾವೆ," ಎನ್ನುತ್ತಿದ್ದರು.

ಬರುತ್ತಿದ್ದದ್ದು ದೆವ್ವಗಳು. ಫ್ರಾನ್ಸಿನ ದೆವ್ವಗಳು.

ಅಷ್ಟರಲ್ಲಿ ಅವರ ಹೆಂಡತಿ ಸರೋಜಮ್ಮ ದೇವರ ದೀಪದ ಬತ್ತಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಿದ್ದರು. "ಮುಸ್ಸಂಜೆ ಹೊತ್ತಲ್ಲಿ ಮನೆ ಕತ್ಲೆ ಇಟ್ರೆ ಲಕ್ಷ್ಮಿ ಒಳಗೆ ಬರ್ತಾಳೇನ್ರೀ?"

"ಲಕ್ಷ್ಮಿ ನಮ್ಮನೆಗೆ ಬರೋದು ತಿಂಗಳ ಕೊನೇ ದಿನ ಕಣೇ, ಫ್ಯಾಕ್ಟರಿ ಬಸ್ಸಲ್ಲಿ. ಹತ್ತು ನಿಮಿಷ ತಡಿ."

ಈ ಜಗಳ ದಿನವೂ ನಡೆಯುತ್ತಿತ್ತು. ದಿನವೂ ಸರೋಜಮ್ಮನವರೇ ಸೋತು, ಹತ್ತು ನಿಮಿಷ ಅಲ್ಲೇ ಗೊಣಗುತ್ತಾ ನಿಲ್ಲುತ್ತಿದ್ದರು. ಬಾಣಸವಾಡಿಯ ನಮ್ಮ ಕಾಲೊನಿಯಲ್ಲಿ ಸ್ಕೂಟರ್ ರಾಯರು, ಭಜನೆ ರಾಯರು ಅಂತ ಬೇರೆ ರಾಯರೂ ಇದ್ದದ್ದರಿಂದ ಇವರು ದೆವ್ವದ ರಾಯರಾದರು. ಆಟೋದವರಿಗೂ ಆ ಹೆಸರು ಗೊತ್ತಿತ್ತು. ರಾಯರಿಗೆ ಅದರಿಂದ ಬೇಸರವೇನೂ ಇರಲಿಲ್ಲ, ಒಳಗೊಳಗೇ ಹೆಮ್ಮೆಯಿತ್ತು ಎಂದೇ ನನ್ನ ಗುಮಾನಿ.

ನಾನು ಅವರನ್ನು ಮೊದಲು ಕಂಡದ್ದು ಕೆ.ಆರ್. ಪುರಂ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗದುಗಿನಿಂದ ಬಂದಿದ್ದ ನಾನು ಅಲ್ಲಿ ಟ್ರೇಸರ್. ಯಂತ್ರದ ಭಾಗಗಳ ನಕ್ಷೆಯ ಮೇಲೆ ತೆಳು ಕಾಗದ ಹಾಸಿ, ಗೆರೆಯ ಮೇಲೆ ಗೆರೆ ಎಳೆಯುವುದು ನನ್ನ ಕೆಲಸ. ರಾಯರು ನಮ್ಮ ಮುಖ್ಯಸ್ಥರು. ಕಾಗದದ ಮೇಲೆ ಸಾಸಿವೆಯಷ್ಟು ಮಸಿ ಬಿದ್ದರೂ ಅವರಿಗೆ ತಡೆಯುತ್ತಿರಲಿಲ್ಲ. "ಏನಮ್ಮ ಶಾಂತಾ ಇದು? ಈ ಚುಕ್ಕೆ ನೋಡಿ ಅಲ್ಲೊಂದು ತೂತು ಕೊರೀತಾನೆ ಮೆಷಿನ್ನಿನವನು, ಆಮೇಲೆ ಆ ತೂತಿಗೆ ನೀನು ಬೆರಳಿಟ್ಕೊಂಡು ನಿಂತ್ಕೋತೀಯಾ?" ಅಂತ ಕೂಗಾಡುತ್ತಿದ್ದರು. ಇಂಥ ಮನುಷ್ಯ ಮನೆಗೆ ಹೋಗಿ ಮಸಿಯ ಮಬ್ಬನ್ನೇ ಆರಾಧಿಸುತ್ತಾರೆ ಅಂತ ಯಾರೋ ಹೇಳಿದಾಗ ನಾನು ನಂಬಲಿಲ್ಲ.

ನಮ್ಮ ಕಾರ್ಖಾನೆಗೆ ಫ್ರಾನ್ಸಿನ ಕಂಪನಿಯೊಂದರ ಜೊತೆ ಒಪ್ಪಂದವಾಗಿದ್ದ ಕಾಲದಲ್ಲಿ ಕೆಲವರನ್ನು ತರಬೇತಿಗೆ ಅಂತ ಅಲ್ಲಿಗೆ ಕಳಿಸಿದ್ದರಂತೆ. ಹೋದವರೆಲ್ಲ ಸೆಂಟು, ಶೇವಿಂಗ್ ಮೆಷಿನ್ನು ತಂದರು. ಒಬ್ಬರು ಚೀಸ್ ತಂದರೆ, ಆ ವಾಸನೆಗೆ ಅವರ ಹೆಂಡತಿ ಅದನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತರು. ರಾಯರು ತಂದದ್ದು ಒಂದು ರಟ್ಟಿನ ಕೊಳವೆ. ಪ್ಯಾರಿಸ್ಸಿನ ಹೊಳೆಯ ದಂಡೆಯಲ್ಲಿ ಮರದ ಪೆಟ್ಟಿಗೆಗಳಲ್ಲಿ ಹಳೆ ಪುಸ್ತಕ, ಹಳೆ ಚಿತ್ರ ಇಟ್ಟುಕೊಂಡು ಮಾರುತ್ತಾರಂತೆ. ರಜೆಯ ದಿನ ಅಲ್ಲಿ ಅಡ್ಡಾಡುತ್ತಾ, ಹೋದ ಶತಮಾನಕ್ಕೂ ಹಿಂದಿನ ಅಚ್ಚಿನ ಚಿತ್ರಗಳನ್ನು ಆರಿಸಿ, ಅದರೊಳಗೆ ಸುರುಳಿ ಸುತ್ತಿ ತಂದಿದ್ದರು. ಬರೆದವರು ಹೆಸರು ಮಾಡದವರಾದ್ದರಿಂದ ಅಗ್ಗಕ್ಕೆ ಸಿಕ್ಕವು. ಕಿಟಕಿಯೊಳಗಿಂದ ಇಣುಕುವ ಬಿಳಿಚಿದ ಮುಖ, ಮಂಜಿನಲ್ಲಿ ಸವಾರನಿಲ್ಲದ ಕುದುರೆ, ಗೋರಿಯ ಕಲ್ಲಿಗೆ ಒರಗಿ ಬೇಸರದಿಂದ ಕೂತ ಅಸ್ಥಿಪಂಜರ.

"ಆಗ ಪ್ಯಾರಿಸ್‌ನಲ್ಲಿ ರಸ್ತೆ ಅಗಲ ಮಾಡ್ತೀವಿ ಅಂತ ಹಳೇ ಗಲ್ಲಿ ಗಲ್ಲಿನೇ ಒಡೆದು ಹಾಕಿದ್ರಮ್ಮ," ಎಂದು ವಿವರಿಸುತ್ತಿದ್ದರು ರಾಯರು. "ಮನೆ ಹೋದ್ರೆ ದೆವ್ವ ಎಲ್ಲಿಗೆ ಹೋಗ್ಬೇಕು? ಪಾಪ, ಚಿತ್ರಕ್ಕೆ ಬಂದು ಸೇರ್ಕೊಂಡ್ವು. ಈಗ ನಮ್ಮ ಇಂದಿರಾನಗರದಲ್ಲೂ ಒಡೀತಿದಾರಲ್ಲ, ಆ ದೆವ್ವಗಳಿಗೆ ಯಾರು ದಿಕ್ಕು?"

ನಾನು ದೆವ್ವಕ್ಕೆ ಹೆದರುವವಳು. ಗದುಗಿನಲ್ಲಿ ನಮ್ಮ ಅಜ್ಜಿ ದಿನಕ್ಕೊಂದು ದೆವ್ವದ ಕಥೆ ಹೇಳಿಯೇ ನನಗೆ ಊಟ ಮಾಡಿಸಿದ್ದು. ಆದರೂ ಎರಡು ಬೀದಿ ಆಚೆ ಬಾಡಿಗೆಗಿದ್ದ ನಾನು ಸರೋಜಮ್ಮನವರ ಕಾಫಿಯ ಆಸೆಗೆ ಅವರ ಮನೆಗೆ ಹೋಗತೊಡಗಿದೆ. ಕಾಫಿಗೆ ಹೋದವಳು ದೆವ್ವಕ್ಕೆ ಅಂಟಿಕೊಂಡೆ.

ರಾಯರ ಬಾಯಲ್ಲಿ ಸದಾ ಇರುತ್ತಿದ್ದ ಮಾತು ಒಂದೇ. ಒರೆಸದೆ ಬಿಟ್ಟಿದ್ದೇ ದೆವ್ವ. ಅದರ ಅರ್ಥ ಹೀಗೆ. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು ಮಸಿ ಬಳಿಯುತ್ತಾರೆ. ಆಮೇಲೆ ಬಟ್ಟೆಯಿಂದ ಒರೆಸಿದರೆ ಮೇಲಿನ ಮಸಿ ಹೋಗಿ, ಗೆರೆಯೊಳಗಿನದು ಮಾತ್ರ ಉಳಿಯುತ್ತದೆ. ಒದ್ದೆ ಕಾಗದ ಇಟ್ಟು ಒತ್ತಿದರೆ ಗೆರೆ ಮೂಡುತ್ತದೆ. ಆದರೆ ಆ ಕಾಲದ ಪ್ಯಾರಿಸ್ಸಿನ ಅಚ್ಚಿನವರಲ್ಲಿ ಕೆಲವರು ಪೂರ್ತಿ ಒರೆಸುತ್ತಿರಲಿಲ್ಲವಂತೆ. ಬೇಕಾದ ಕಡೆ ಮಸಿಯ ತೆಳುವಾದ ಪೊರೆ ಬಿಡುತ್ತಿದ್ದರು. ಆ ಪೊರೆಯೇ ಕಾಗದದ ಮೇಲೆ ಮುಸ್ಸಂಜೆಯಾಗಿ, ಮಂಜಾಗಿ ಇಳಿಯುತ್ತಿತ್ತು. "ಗೆರೆ ಎಳೆಯೋದು ಯಾರು ಬೇಕಾದ್ರೂ ಕಲೀಬಹುದು. ಎಲ್ಲಿ ಒರೆಸ್ಬಾರ್ದು ಅಂತ ಗೊತ್ತಿರ್ಬೇಕಲ್ಲ, ಅದು ಕಷ್ಟ," ಎಂದು ಹೇಳಿ, ಹೆಂಡತಿಯ ಕಡೆ ಕಣ್ಣು ಮಿಟುಕಿಸುತ್ತಿದ್ದರು. "ನಮ್ಮ ಸರೋಜ ಕಂಡಿದ್ದೆಲ್ಲಾ ಒರೆಸ್ತಾಳೆ. ಅದಕ್ಕೇ ಅವಳಿಗೆ ದೆವ್ವ ಕಾಣಲ್ಲ."

ಅದು ನಿಜವೂ ಹೌದು. ಸರೋಜಮ್ಮನವರ ಹೆಗಲ ಮೇಲೆ ಒಂದು ಒರೆಸುವ ಬಟ್ಟೆ ಇಲ್ಲದ ಗಳಿಗೆಯನ್ನು ನಾನು ಕಂಡಿಲ್ಲ. ನಮ್ಮ ಜೊತೆ ಮಾತಾಡುತ್ತಲೇ ಕುರ್ಚಿಯ ಕೈ ಒರೆಸುವರು, ಟೀವಿ ಒರೆಸುವರು. ಒಮ್ಮೆ ಮಾತಿನ ಭರದಲ್ಲಿ ನನ್ನ ಕನ್ನಡಕವನ್ನೂ ಕಿತ್ತು ಒರೆಸಿಕೊಟ್ಟರು.

ಆ ಸಂಗ್ರಹದ ರಾಣಿ ನಡುಮನೆಯಲ್ಲಿ, ಬಚ್ಚಲುಮನೆಗೆ ಒತ್ತಿಕೊಂಡ ಗೋಡೆಯ ಮೇಲಿದ್ದ ಒಂದು ಸಣ್ಣ ಚಿತ್ರ. ಕಲ್ಲು ಹಾಸಿದ ಗಲ್ಲಿ, ಒಂದೇ ದೀಪದ ಕಂಬ, ಉಳಿದದ್ದೆಲ್ಲ ಮಂಜು. ಮೊದಲ ಕೆಲವು ವರ್ಷ ಅದರಲ್ಲಿ ರಾಯರಿಗೂ ಮತ್ತೇನೂ ಕಂಡಿರಲಿಲ್ಲವಂತೆ. ಒಂದು ಮಳೆಗಾಲದ ಸಂಜೆ ಬಲಗಡೆಯ ಮೂಲೆಯ ಮಂಜಿನಲ್ಲಿ, ತಲೆಯ ಮೇಲೆ ಸೆರಗು ಹೊದ್ದು ನಿಂತ ಒಬ್ಬ ಹೆಂಗಸು ಕಂಡಳು. ಅಂದಿನಿಂದ ಅವರಿಗೆ ಅವಳದೇ ಧ್ಯಾನ. "ಅಚ್ಚು ಹಾಕಿದವನು ಎಷ್ಟು ತೆಳುವಾಗಿ ಬಿಟ್ಟಿದಾನೆ ನೋಡು! ಮೊದಲ ದಿನವೇ ಕಾಣಲ್ಲ. ಆಕೆಗೆ ಇಷ್ಟ ಬಂದ್ರೆ ಕಾಣ್ತಾಳೆ."

ನನಗೆ ಮೊದಲೆರಡು ಸಂಜೆ ಕಾಣಲಿಲ್ಲ. "ಏನೂ ಕಾಣವಲ್ದು ನೋಡ್ರಿ ಸರ," ಎಂದೆ. ಮೂರನೆಯ ಸಂಜೆ ಕಂಡಳು. ಸೆರಗಿನ ನಿರಿಗೆ ಕೂಡ ಕಂಡಿತು, ದೇವರಾಣೆ. ಕಾಲೊನಿಯ ಎಲ್ಲರಿಗೂ ಒಂದಲ್ಲ ಒಂದು ದಿನ ಕಂಡಳು. ಸ್ಕೂಟರ್ ರಾಯರಿಗೆ ಆಕೆ ಅಳುತ್ತಿರುವಂತೆ ಕಂಡರೆ, ಭಜನೆ ರಾಯರಿಗೆ ಕೈಯಲ್ಲಿ ತಾಳ ಹಿಡಿದ ಹಾಗೆ ಕಂಡಿತು. ಕಾಣದೆ ಉಳಿದವರು ಸರೋಜಮ್ಮ ಒಬ್ಬರೇ. "ನಂಗೆ ಯಾವಳೂ ಕಾಣಲ್ಲಪ್ಪ," ಎಂದು ಬತ್ತಿ ಹೊಸೆಯುತ್ತಿದ್ದರು. ಊರಿಗೆಲ್ಲ ಕಂಡವಳು ಹೆಂಡತಿಗೆ ಕಾಣುತ್ತಿಲ್ಲವಲ್ಲ ಎಂಬ ಕೊರಗು ರಾಯರಿಗೆ ನಿಜವಾಗಿಯೂ ಇತ್ತು. ಹೊಸ ಬೆತ್ತದ ಕುರ್ಚಿ ತಂದು ಆಕೆಗಾಗಿ ಆ ಚಿತ್ರದ ಎದುರಿಗೇ ಹಾಕಿದರು. ಸರೋಜಮ್ಮ ಅದರಲ್ಲಿ ಕೂತು ಅವರೆಕಾಯಿ ಬಿಡಿಸಿದರು.

ನಿವೃತ್ತರಾದ ಮೇಲೆ ರಾಯರು ತಾವೇ ಅಚ್ಚು ಹಾಕಲು ಹೊರಟರು. ಅದಕ್ಕೆ ಎರಡು ಉರುಳೆಗಳ ಪ್ರೆಸ್ಸು ಬೇಕು. ಹಲಸೂರಿನಲ್ಲಿ ಕಬ್ಬಿನ ಹಾಲಿನವನೊಬ್ಬ ಮೋಟಾರಿನ ಯಂತ್ರ ಕೊಂಡು ಹಳೆಯ ಕೈಗಾಣ ಮೂಲೆಗೆ ಹಾಕಿದ್ದ. ರಾಯರು ಅದನ್ನು ತಂದು, ಉರುಳೆಯ ಹಲ್ಲುಗಳನ್ನು ಶಿವಾಜಿನಗರದ ಲೇತಿನಲ್ಲಿ ನುಣ್ಣಗೆ ಮಾಡಿಸಿ, ಹಿತ್ತಲಲ್ಲಿ ಕೂರಿಸಿದರು. ಉರುಳೆಗೂ ಕಾಗದಕ್ಕೂ ನಡುವೆ ಇಡುವ ಮೆತ್ತೆಗೆ ನಮ್ಮೂರಿನ ಕಂಬಳಿಯ ತುಂಡು ಕೊಟ್ಟವಳು ನಾನು. ಮೊದಲ ಚಿತ್ರ ಹೊರಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎಷ್ಟು ತೊಳೆದರೂ ಗಾಣದ ಸಂದಿಯಲ್ಲಿ ಸಿಹಿ ಉಳಿದಿತ್ತೋ ಏನೋ, ಮಾರನೆಯ ಬೆಳಿಗ್ಗೆ ಆ ದೆವ್ವಕ್ಕೆ ಇರುವೆ ಮುತ್ತಿದ್ದವು.

ಚಿತ್ರದಲ್ಲಿ ಮಬ್ಬು ತರಲು ತಗಡಿನ ಮೇಲೆ ರಾಳದ ಪುಡಿ ಉದುರಿಸಿ ಬಿಸಿ ಮಾಡಬೇಕು. ಅದರ ಹೊಗೆ ಬೀದಿಗೆಲ್ಲ ಸಾಂಬ್ರಾಣಿ ಹಾಕಿದ ಹಾಗೆ ಹರಡುತ್ತಿತ್ತು. ಹೆಸರು ದೆವ್ವದ ರಾಯರು, ಹಿತ್ತಲಲ್ಲಿ ಹೊಗೆ. ಇನ್ನು ಕೇಳಬೇಕೆ? ಒಂದು ಭಾನುವಾರ ಬೆಳಿಗ್ಗೆ ನಮ್ಮ ಕಾರ್ಖಾನೆಯ ಗೇಟಿನ ಕಾವಲುಗಾರ ನಂಜುಂಡ ನಿಂಬೆಹಣ್ಣು, ವೀಳ್ಯದೆಲೆ ಹಿಡಿದು ಬಂದ. ಬಾಗಿಲಲ್ಲಿ ಬಗ್ಗಿ ಬರಬೇಕಾದ ಆಳು, ಮೀಸೆ ಬೇರೆ.

"ಸ್ವಾಮಿ, ಹಳೇ ಶೆಡ್ ಹಿಂದೆ ಹುಣಸೇಮರ ಐತಲ್ಲ, ಅಲ್ಲಿ ಬಿಳೀ ಸೀರೆಯೋಳು ನಿಂತಿರ್ತಾಳೆ. ನೈಟ್ ಶಿಫ್ಟು ಅಂದ್ರೆ ಪ್ರಾಣಾನೇ ಹೋಗ್ತೈತೆ. ನೀವೇ ಏನಾದ್ರೂ ಮಾಡ್ಬೇಕು."

ರಾಯರು ನಗಲಿಲ್ಲ. ಕೂರಿಸಿ ಕೇಳಿದರು. ಎತ್ತರ ಎಷ್ಟು, ಕೂದಲು ಕಟ್ಟಿದೆಯೋ ಬಿಚ್ಚಿದೆಯೋ, ಶೆಡ್ಡಿನ ದೀಪ ಯಾವ ಕಡೆಯಿಂದ ಬೀಳುತ್ತದೆ. ನಂಜುಂಡ ಹೇಳಿದಂತೆಲ್ಲ ತಗಡಿನ ಮೇಲೆ ಕೆರೆದರು. ಮಧ್ಯಾಹ್ನಕ್ಕೆ ಗಾಣ ತಿರುಗಿಸಿ ಅಚ್ಚು ತೆಗೆದರು. ನಂಜುಂಡ ಅದನ್ನು ದೂರ ಹಿಡಿದ, ಹತ್ತಿರ ಹಿಡಿದ. ಹೆದರಿಕೆ ಯಾವಾಗಲೋ ಹೋಗಿ, ನೋಡಿದವನ ಗತ್ತು ಬಂದಿತ್ತು. "ಮೂಗು ಸ್ವಲ್ಪ ಉದ್ದ ಆಯ್ತು ಸ್ವಾಮಿ. ಅವಳದು ಇಷ್ಟಿಲ್ಲ."

"ಇದನ್ನ ಜೇಬಲ್ಲಿಟ್ಕೋ," ಎಂದರು ರಾಯರು. "ಆಕೆ ಬಂದ್ರೆ ತೋರಿಸು. ಈ ಪೋಸ್ಟಿಗೆ ಆಗ್ಲೇ ಒಬ್ಬಳು ಇದಾಳೆ, ಒಂದೇ ಜಾಗದಲ್ಲಿ ಇಬ್ಬರಿಗೆ ಡ್ಯೂಟಿ ಕೊಡಲ್ಲ ಅನ್ನು." ಸರ್ಕಾರಿ ಕಾರ್ಖಾನೆಯ ದೆವ್ವಕ್ಕೆ ಈ ನಿಯಮ ಅರ್ಥವಾಗಿರಬೇಕು. ಅವಳು ಮತ್ತೆ ಬರಲಿಲ್ಲ. ನಂಜುಂಡ ಆ ಚಿತ್ರಕ್ಕೆ ಪ್ಲಾಸ್ಟಿಕ್ ಹಾಕಿಸಿ, ಗೇಟ್ ಪಾಸಿನ ಜೊತೆ ಇಟ್ಟುಕೊಂಡ.

ಇಷ್ಟು ಹೊತ್ತಿಗೆ ರಾಯರ ಕಣ್ಣು ಮಂಜಾಗತೊಡಗಿತ್ತು. ಸಕ್ಕರೆ ಅಂತ ಉಪ್ಪು ಹಾಕಿಕೊಂಡು ಕಾಫಿ ಕುಡಿದು, "ಇವತ್ತಿನ ಡಿಕಾಕ್ಷನ್ ಯಾಕೋ ಸರಿಯಿಲ್ಲ," ಎನ್ನುತ್ತಿದ್ದರು. ಆಪರೇಷನ್ ಮಾಡಿಸಿಕೊಳ್ಳಿ ಎಂದರೆ, "ಕಣ್ಣು ತೀರಾ ಚೆನ್ನಾಗಾದ್ರೆ ದೆವ್ವ ಓಡಿಹೋಗ್ತಾವೆ ಕಣೇ," ಎಂದು ಹಾರಿಸುತ್ತಿದ್ದರು. ಕೊನೆಗೆ ಒಪ್ಪಿಸಿದ್ದು ರಿಚರ್ಡ್ಸ್ ಟೌನಿನ ಡೋರಾ ಮೇಡಂ. ತಮ್ಮ ಹಳೆಯ ಬಂಗಲೆಯ ಮುಂದಿನ ಹಜಾರದಲ್ಲಿ ಚಿತ್ರಪ್ರದರ್ಶನ ಇಡುತ್ತಿದ್ದ ವಯಸ್ಸಾದ ಹೆಂಗಸು. ಯಾರಿಂದಲೋ ಕೇಳಿ ಬಂದು, ಕತ್ತಲಲ್ಲಿ ಕಾಫಿ ಕುಡಿದು, ಮಂಜಿನ ಹೆಂಗಸನ್ನು ಮೊದಲ ದಿನವೇ ಕಂಡು, "ಅಯ್ಯೋ ಸಾಮಿ! ಒಂದು ಈವ್ನಿಂಗ್ ನಮ್ಮನೇಲಿ ಟಾಕ್ ಕೊಡ್ಬೇಕು ನೀವು," ಎಂದು ಹಿಡಿದರು. ಕಾರ್ಡು ಅಚ್ಚಾಯಿತು. ಅದರ ಮೇಲೆ ಇದ್ದದ್ದು ಇಷ್ಟೇ: 'ಮಂಜಿನ ಹೆಂಗಸು', ಕೆಳಗೆ ರಾಯರ ಹೆಸರು. ಇಡೀ ಜೀವಮಾನದಲ್ಲಿ ತಮ್ಮ ಹೆಸರು ಇಂಥ ಒಂದು ಕಾರ್ಡಿನ ಮೇಲೆ ಬಂದದ್ದು ರಾಯರಿಗೆ ಅದೇ ಮೊದಲು. ಆಕೆಯ ಬಗ್ಗೆ ಕೂಲಂಕಷವಾಗಿ ಮಾತಾಡಬೇಕು, ಅದಕ್ಕೆ ಸರಿಯಾಗಿ ಕಾಣಬೇಕು ಅಂತ ಅವರು ಆಪರೇಷನ್‌ಗೆ ಹೋದರು.

ಭಾಷಣಕ್ಕೆ ಎರಡು ದಿನ ಇತ್ತು. ಬೆಳಿಗ್ಗೆ ರೊಟ್ಟಿ ಕೊಡಲು ಹೋದ ನಾನು ಅಂಗಳದಲ್ಲೇ ನಿಂತೆ. ಟವೆಲ್ಲಿನ ಮರೆಯಲ್ಲೇ ಬಾಳಿದ ಆ ಚಿತ್ರ ತುಳಸಿಕಟ್ಟೆಯ ಮೇಲೆ ಬಿಸಿಲಿಗೆ ಬಿದ್ದಿತ್ತು. ಎದುರಿಗೆ ರಾಯರು, ಕಪ್ಪು ಕನ್ನಡಕ ಹಣೆಗೇರಿಸಿ ಕೂತಿದ್ದರು.

"ಬೂಷ್ಟು ಕಣಮ್ಮ," ಎಂದರು.

"ಏನ್ರೀ ಸರ?"

"ಸೆರಗು ಅಂತಿದ್ನಲ್ಲ, ಅದು ಬೂಷ್ಟು. ಮುಖ ಅಂತಿದ್ನಲ್ಲ, ಅದೂ ಬೂಷ್ಟು. ಬಚ್ಚಲುಮನೆ ಗೋಡೆ ತೇವಕ್ಕೆ ಕಾಗದ ಬೂಷ್ಟು ಹಿಡಿದಿದೆ. ಆ ಅಚ್ಚಿನವನು ಅಲ್ಲಿ ಏನೂ ಮಾಡೇ ಇಲ್ಲ."

ಬಗ್ಗಿ ನೋಡಿದೆ. ಬಲಗಡೆಯ ಮೂಲೆಯಲ್ಲಿ ಕಂದು ಚುಕ್ಕೆಗಳು, ಅವುಗಳ ಸುತ್ತ ಬೂದು ಬಣ್ಣದ ಕಲೆ. ನಮ್ಮ ಮನೆಯ ಉಪ್ಪಿನಕಾಯಿಯ ಮೇಲೆ ಬರುವಂಥದ್ದೇ. ಸೆರಗಿನ ನಿರಿಗೆ ಕಂಡಿದ್ದವಳು ನಾನು!

"ಡೋರಾ ಮೇಡಂಗೆ ಫೋನ್ ಮಾಡಿ ಹುಷಾರಿಲ್ಲ ಅಂದ್ಬಿಡು," ಎಂದರು ರಾಯರು. ದನಿ ತೀರಾ ಇಳಿದಿತ್ತು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದರು. "ಊರಿಗೆಲ್ಲಾ ಬೂಷ್ಟು ತೋರಿಸ್ಕೊಂಡು ಕೂತಿದ್ನಲ್ಲ ಇಷ್ಟು ವರ್ಷ. ನಿನಗೊಬ್ಬಳಿಗೇ ಕಣ್ಣು ಸರಿ ಇತ್ತು ಸರೋಜ. ನೀನು ಯಾವತ್ತೂ ಕಾಣ್ತಾಳೆ ಅನ್ನಲಿಲ್ಲ."

ಸರೋಜಮ್ಮ ಹೆಗಲ ಬಟ್ಟೆಯಿಂದ ಕೈ ಒರೆಸಿಕೊಂಡು, ಕಟ್ಟೆಯ ಅಂಚಿಗೆ ಬಂದು ಕೂತರು. "ನಂಗೆ ಗೊತ್ತಿತ್ತು ರೀ."

ರಾಯರು ತಲೆ ಎತ್ತಿದರು.

"ನೀವು ತಂದಾಗ ಆ ಮೂಲೆ ಖಾಲಿ ಇತ್ತು. ಒರೆಸ್ತಿದ್ದೋಳು ನಾನಲ್ವಾ? ಆಮೇಲೆ ಒಂದು ಮಳೆಗಾಲ ಬೂಷ್ಟು ಹತ್ತಿತು. ಗಾಜು ಬಿಚ್ಚಿಸಿ, ಬಿಸಿಲಿಗಿಟ್ಟು ಒರೆಸೋಣ ಅಂತಲೇ ಇದ್ದೆ. ಅಷ್ಟರಲ್ಲಿ ನೀವು ಒಂದು ಸಂಜೆ 'ಸರೋಜಾ, ಯಾರೋ ಬಂದಿದಾರೆ ನೋಡು' ಅಂತ ಕೂಗಿದ್ರಿ. ಫ್ಯಾಕ್ಟರಿಯಿಂದ ಬಂದ್ಮೇಲೆ ನೀವು ಅಷ್ಟು ಖುಷಿಯಾಗಿದ್ದು ನಾನು ಅದುವರೆಗೂ ಕಂಡಿರ್ಲಿಲ್ಲ. ಮೂಗಿನ ಮೇಲೆ ಸಿಟ್ಟು ಇಟ್ಕೊಂಡೇ ಬರ್ತಿದ್ರಿ. ಕಾಣ್ತಾಳೆ ಅಂತ ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ. ಬೂಷ್ಟು ಅನ್ನೋಕೆ ಮನಸ್ಸು ಬರ್ಲಿಲ್ಲ. ಒರೆಸದೆ ಬಿಟ್ಟಿದ್ದೇ ದೆವ್ವ ಅಂತ ನೀವೇ ಹೇಳ್ತೀರಲ್ಲ. ಬಿಟ್ಟೆ."

ರಾಯರು ಹೆಂಡತಿಯನ್ನೇ ನೋಡಿದರು. ಹೊಸ ಕಣ್ಣಿನಲ್ಲಿ ಆಕೆಯನ್ನು ಸರಿಯಾಗಿ ನೋಡಿದ್ದೂ ಆಗಲೇ ಇರಬೇಕು. ಆಮೇಲೆ ನನ್ನ ಕಡೆ ತಿರುಗಿ, "ಫೋನ್ ಮಾಡಿದ್ಯೇನಮ್ಮ?" ಎಂದರು. ಇಲ್ಲ ಎಂದೆ. "ಬೇಡ ಬಿಡು," ಎಂದರು.

ರಿಚರ್ಡ್ಸ್ ಟೌನಿನ ಹಜಾರ ಅಂದು ತುಂಬಿತ್ತು. ಡೋರಾ ಮೇಡಂ ಕಡೆಯವರು ಒಂದು ಬದಿ, ಕಾಲೊನಿಯವರು ಇನ್ನೊಂದು ಬದಿ, ಹಿಂದೆ ಯೂನಿಫಾರ್ಮಿನಲ್ಲೇ ಬಂದ ನಂಜುಂಡ. ಎಲ್ಲರೂ ಮುಸ್ಸಂಜೆಯ ಕತ್ತಲಲ್ಲಿ ಆಕೆಯನ್ನು ಕಂಡು ಅಬ್ಬಾ ಎಂದ ಮೇಲೆ, ರಾಯರು ತಾವು ಎಂದೂ ಆಡದ ಮಾತು ಆಡಿದರು. "ಈಗ ಲೈಟ್ ಹಾಕಿ."

ಲೈಟು ಬಂತು.

"ಎಲ್ಲರೂ ಹತ್ತಿರ ಬಂದು ನೋಡಿ. ಇದು ಬೂಷ್ಟು," ಎಂದರು. ಆಮೇಲೆ ಬೆರಳಿಟ್ಟು ಒಂದೊಂದನ್ನೇ ತೋರಿಸಿದರು. "ಈ ಗಲ್ಲಿ ಪ್ಯಾರಿಸ್‌ನದು. ದೀಪದ ಕಂಬ, ಮಂಜು, ಅವೂ ಅಲ್ಲಿನವೇ. ಈಕೆ ಮಾತ್ರ ಪ್ಯಾರಿಸ್‌ನವಳಲ್ಲ. ಬಾಣಸವಾಡಿಯವಳು. ನಮ್ಮ ಬಚ್ಚಲುಮನೆ ಗೋಡೆ ಮೇಲೆ ಹುಟ್ಟಿ ಬೆಳೆದವಳು. ಚಿತ್ರ ಅಚ್ಚು ಹಾಕಿದವನು ಯಾರೋ ಗೊತ್ತಿಲ್ಲ. ಆದರೆ ಒರೆಸದೆ ಬಿಟ್ಟವಳು ಯಾರು ಅಂತ ಗೊತ್ತು. ಅಲ್ಲಿ ಕೂತಿದಾಳೆ, ನನ್ನ ಹೆಂಡತಿ."

ಮೊದಲು ನಕ್ಕದ್ದು ಡೋರಾ ಮೇಡಂ. ಆಮೇಲೆ ಹಜಾರಕ್ಕೆ ಹಜಾರವೇ ನಕ್ಕಿತು. "ಬೂಷ್ಟಾದ್ರೂ ಹೆಂಗಸೇ ಅಲ್ವಾ ಸ್ವಾಮಿ?" ಎಂದ ನಂಜುಂಡ, ತಜ್ಞನ ಗಾಂಭೀರ್ಯದಲ್ಲಿ. ರಾಯರು ಲೈಟು ಆರಿಸಲು ಹೇಳಿದರು. ಆರಿತು. ಸ್ವಲ್ಪ ಹೊತ್ತಿಗೆ ಮೂಲೆಯ ಮಂಜಿನಲ್ಲಿ ಆಕೆ ಮತ್ತೆ ಬಂದು ನಿಂತಳು, ನಾವು ನಕ್ಕದ್ದಕ್ಕೂ ತನಗೂ ಸಂಬಂಧವೇ ಇಲ್ಲ ಎನ್ನುವಂತೆ. ಆ ಕತ್ತಲಲ್ಲಿ ಸರೋಜಮ್ಮನವರ ದನಿ ಕೇಳಿತು.

"ಈಗ ಕಾಣ್ತಾಳೆ ರೀ."

ರಾಯರು ತಡಕಾಡಿಕೊಂಡೇ ಬಂದು ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಭಾಷಣ ಅಲ್ಲಿಗೆ ಮುಗಿಯಿತು ಅಂತ ಡೋರಾ ಮೇಡಂ ಎಲ್ಲರಿಗೂ ಕೇಕು ಹಂಚಿದರು.

ಆ ಚಿತ್ರ ಮತ್ತೆ ಬಚ್ಚಲುಮನೆ ಗೋಡೆಗೇ ಹೋಯಿತು. ಒಣ ಗೋಡೆಗೆ ಹಾಕಿ ಎಂದು ನಾನು ಹೇಳಿದರೆ, "ತವರುಮನೆ ಬಿಡಿಸ್ಬಾರ್ದಮ್ಮ," ಎಂದರು ರಾಯರು. ಆಮೇಲೂ ಕೆಲವು ವರ್ಷ ಗಾಣ ತಿರುಗಿತು, ರಾಳದ ಹೊಗೆ ಎದ್ದಿತು, ಮುಸ್ಸಂಜೆಯ ಜಗಳ ತಪ್ಪದೆ ನಡೆಯಿತು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ರಾಯರು ಏಳಲಿಲ್ಲ. ನಂಜುಂಡ ಮನೆಯ ಗೇಟಿನ ಹತ್ತಿರ ನಿಂತು ಮಗುವಿನ ಹಾಗೆ ಅತ್ತ. ನಾನೂ ಅತ್ತೆ. ಅವರಂಥ ಮನುಷ್ಯ ನನಗೆ ಇನ್ನೊಬ್ಬರು ಸಿಕ್ಕಿಲ್ಲ.

ಹದಿಮೂರು ದಿನ ಕಳೆದ ಮೇಲೆ ಒಂದು ಸಂಜೆ ಸರೋಜಮ್ಮನವರನ್ನು ನೋಡಲು ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ಕತ್ತಲು. ಇನ್ನಾದರೂ ಲಕ್ಷ್ಮಿ ಹೊತ್ತಿಗೆ ಸರಿಯಾಗಿ ಒಳಗೆ ಬರಲಿ ಎಂದುಕೊಂಡು ಸ್ವಿಚ್ಚಿಗೆ ಕೈ ಹಾಕಿದೆ. ಚಿತ್ರದ ಎದುರಿಗೆ ಹಾಕಿದ್ದ ಆ ಬೆತ್ತದ ಕುರ್ಚಿಯಿಂದ ಸರೋಜಮ್ಮನವರ ದನಿ ಬಂತು. ಹೊಸೆದ ಬತ್ತಿ ಅವರ ಮಡಿಲಲ್ಲೇ ಇತ್ತು.

"ಹಾಕ್ಬೇಡ ಶಾಂತಾ. ಹತ್ತು ನಿಮಿಷ ತಡಿ."